ಕಲಿಸುವ ಕೈಯೇ ನುಡಿಸುವ ಕೈ

ಶರಣರ ಬಾಳಿನಲ್ಲಿ ತಂತಿವಾದ್ಯಕ್ಕಿರುವ ಸ್ಥಾನ ಅಲ್ಪವಾದುದಲ್ಲ. ವಿಶ್ವಗುರು ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ತಮ್ಮ ಶರೀರವನ್ನೇ ವೀಣೆಯಂತೆ ಭಾವಿಸಿ, ಅದನ್ನು ನುಡಿಸುವ ಹೊಣೆಯನ್ನು ಕೂಡಲಸಂಗಮದೇವನಿಗೆ ಒಪ್ಪಿಸಿದ್ದಾರೆ. ಅವರ ಸಮಕಾಲೀನರಾದ ಕಿನ್ನರಿ ಬ್ರಹ್ಮಯ್ಯನವರ ಕಾಯಕವೇ ತಂತಿವಾದ್ಯದ ಕಾಯಕ. ಕಲ್ಯಾಣದಲ್ಲಿ ತ್ರಿಪುರಾಂತಕ ಲಿಂಗದ ಸನ್ನಿಧಿಯಲ್ಲಿ ಕಿನ್ನರಿ ನುಡಿಸಿ, ಅದರಿಂದ ದೊರೆತುದನ್ನು ಜಂಗಮ ದಾಸೋಹಕ್ಕೆ ಸಲ್ಲಿಸುತ್ತಿದ್ದರೆಂದು ಶರಣ ಚರಿತೆಗಳು ಹೇಳುತ್ತವೆ. ನುಡಿಸುವುದು ಕಾಯಕ, ದೊರೆತುದನ್ನು ಹಂಚುವುದು ದಾಸೋಹ. ಹನ್ನೆರಡನೆಯ ಶತಮಾನದ ಈ ಶರಣನ ಬದುಕಿನಲ್ಲಿ ಇವೆರಡೂ ಒಂದೇ ವಾದ್ಯದ ಮೇಲೆ ನಿಂತಿದ್ದವು.

ಈ ಮಾತನ್ನು ಇಲ್ಲಿ ನೆನೆಯಲು ಕಾರಣವಿದೆ. ಇಂದು ನಮ್ಮ ಮನೆಗಳ ಮಕ್ಕಳು ಪಿಟೀಲು, ವೀಣೆ, ಸಿತಾರ್ ಕಲಿಯಲು ಹೋಗುತ್ತಾರೆ. ಕಲಿಸುವ ಗುರುಗಳಲ್ಲಿ ಅನೇಕರು ಬರಿಯ ಪಾಠ ಹೇಳುವವರಲ್ಲ. ವೇದಿಕೆಯ ಮೇಲೆ ಕಛೇರಿ ನೀಡುವ ವೃತ್ತಿಪರ ಕಲಾವಿದರೂ ಹೌದು. ಸಂಜೆ ಮಕ್ಕಳ ಸರಳೆ ವರಸೆಯನ್ನು ತಿದ್ದುವ ಕೈ, ರಾತ್ರಿ ದೇವಾಲಯದ ಉತ್ಸವದಲ್ಲಿ ಕಮಾನು ಹಿಡಿಯುತ್ತದೆ. ಈ ಎರಡು ಕೆಲಸಗಳು ಒಂದಕ್ಕೊಂದು ಅಡ್ಡಿಯೆ, ಆಧಾರವೆ ಎಂಬ ಪ್ರಶ್ನೆ ತಾಯಿತಂದೆಯರನ್ನು ಆಗಾಗ ಕಾಡುತ್ತದೆ. ಅದಕ್ಕೆ ಉತ್ತರವನ್ನು ಹುಡುಕುವುದು ಈ ಲೇಖನದ ಉದ್ದೇಶ.

ಕರಾವಳಿಯ ನಾಲ್ಕು ಊರುಗಳು

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಈ ನಾಲ್ಕೂ ೧೯೯೭ರಲ್ಲಿ ರಚನೆಯಾದ ಉಡುಪಿ ಜಿಲ್ಲೆಯ ಊರುಗಳು. ಉಡುಪಿಯಿಂದ ಮಣಿಪಾಲಕ್ಕೆ ಸುಮಾರು ೫ ಕಿ.ಮೀ., ದಕ್ಷಿಣದ ಕಾಪುವಿಗೆ ಸುಮಾರು ೧೩ ಕಿ.ಮೀ.; ಕಾರ್ಕಳಕ್ಕೆ ಹೋಗಿ ಬರುವುದೆಂದರೆ ಅರ್ಧ ದಿನದ ಕೆಲಸ. ವೀರಶೈವ ಅರಸರಾದ ಕೆಳದಿಯ ನಾಯಕರ ಆಳ್ವಿಕೆಯನ್ನು ಈ ನಾಡು ಕಂಡಿದೆ. ಆ ವಂಶದ ಬಸವರಾಜನು ೧೮ನೆಯ ಶತಮಾನದ ಆರಂಭದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ಸಂಗೀತ ಶಾಸ್ತ್ರಕ್ಕೂ ಸ್ಥಾನ ದೊರೆತಿರುವುದನ್ನು ನಮ್ಮ ಸಮಾಜ ಹೆಮ್ಮೆಯಿಂದ ನೆನೆಯಬೇಕು.

ಇತ್ತೀಚಿನ ಕಾಲದಲ್ಲಿ ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಉದ್ಯೋಗ ಹಾಗೂ ವಿದ್ಯಾಭ್ಯಾಸದ ನಿಮಿತ್ತ ಕರಾವಳಿಗೆ ಬಂದು ನೆಲೆಸಿದ ಕುಟುಂಬಗಳು ನಮ್ಮಲ್ಲಿವೆ. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮಣಿಪಾಲವನ್ನು ಕೇಂದ್ರವಾಗಿಸಿಕೊಂಡು, ೨೦೨೦ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಿಂಡಿಕೇಟ್ ಬ್ಯಾಂಕು, ಮಣಿಪಾಲದ ವೈದ್ಯಕೀಯ ಮತ್ತು ತಾಂತ್ರಿಕ ವಿದ್ಯಾಸಂಸ್ಥೆಗಳು ಇಂತಹ ಬರುವಿಕೆಗೆ ದಾರಿ ಮಾಡಿಕೊಟ್ಟವು. ಹಿಂದೂಸ್ತಾನಿ ಸಂಗೀತದ ನೆಲದಿಂದ ಬಂದ ಮಕ್ಕಳು ಇಲ್ಲಿ ಕರ್ನಾಟಕ ಸಂಗೀತದ ಪಿಟೀಲನ್ನು ಕೇಳುತ್ತಾ ಬೆಳೆಯುತ್ತಾರೆ. ಇದು ನಷ್ಟವಲ್ಲ, ಎರಡು ಪರಂಪರೆಗಳು ಒಂದೇ ಮನೆಯೊಳಗೆ ಸೇರುವ ಸುಯೋಗ.

ಈ ಊರುಗಳಲ್ಲಿ ವೃತ್ತಿಪರ ವಾದಕನ ವಾರ ಹೇಗಿರುತ್ತದೆಂಬುದನ್ನು ಒಂದಿಷ್ಟು ಯೋಚಿಸಬೇಕು. ಒಂದೇ ಊರಿನ ವಿದ್ಯಾರ್ಥಿಗಳಿಂದ ಜೀವನ ಸಾಗದು. ಆದುದರಿಂದ ಎರಡು ದಿನ ಒಂದೂರು, ಎರಡು ದಿನ ಮತ್ತೊಂದೂರು ಎಂದು ಬಸ್ಸಿನಲ್ಲಿ ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಓಡಾಡಬೇಕಾಗುತ್ತದೆ. ಶಾಲೆ ಬಿಟ್ಟ ಮೇಲೆ, ಅಥವಾ ಶನಿವಾರ ಭಾನುವಾರಗಳಲ್ಲಿ ಮಾತ್ರ ಮಕ್ಕಳು ಬರಬಲ್ಲರು. ಕಛೇರಿಗಳು ನಡೆಯುವುದೂ ಅದೇ ಸಂಜೆಗಳಲ್ಲಿ, ಅದೇ ರಜಾದಿನಗಳಲ್ಲಿ. ತೊಡಕು ಹುಟ್ಟುವುದು ಇಲ್ಲಿಯೇ. ನವರಾತ್ರಿಯ ಹತ್ತು ದಿನ ಗುರುಗಳು ಸಿಗುವುದಿಲ್ಲ. ಜಾತ್ರೆಯ ತಿಂಗಳಲ್ಲಿ ಎರಡು ಪಾಠ ತಪ್ಪುತ್ತವೆ. "ಗುರುಗಳಿಗೆ ಕಛೇರಿಯೇ ಮುಖ್ಯ, ನಮ್ಮ ಮಗುವಿನ ಪಾಠ ಮುಖ್ಯವಲ್ಲ" ಎಂಬ ಮಾತು ಮನೆಯಲ್ಲಿ ಏಳುತ್ತದೆ. ಕೆಲವರು ತಪ್ಪಿದ ಪಾಠಗಳನ್ನು ಎಣಿಸಿ ಶುಲ್ಕ ಕಡಿಮೆ ಮಾಡುತ್ತಾರೆ. ಕೆಲವರು ಮಗುವನ್ನು ಬಿಡಿಸಿಬಿಡುತ್ತಾರೆ.

ತಾಯಿತಂದೆಯರ ಅಸಮಾಧಾನ ಅಕಾರಣವೆಂದು ನಾವು ಹೇಳುವುದಿಲ್ಲ. ಆದರೆ ತೀರ್ಪು ಕೊಡುವ ಮೊದಲು, ತಂತಿವಾದ್ಯವನ್ನು ಕಲಿಸುವ ಕೆಲಸದ ಸ್ವರೂಪವನ್ನು ತಿಳಿಯುವುದು ಒಳಿತು.

ಪಕ್ಕವಾದ್ಯದವನ ಕಿವಿ

ಪಿಟೀಲಿಗೆ ಮೆಟ್ಟಿಲುಗಳಿಲ್ಲ. ಹಾರ್ಮೋನಿಯಂನಲ್ಲಿ ಮನೆಯನ್ನು ಒತ್ತಿದರೆ ಸ್ವರ ಬರುತ್ತದೆ. ಪಿಟೀಲಿನಲ್ಲಿ ಬೆರಳು ಒಂದು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ ೨೪ ಮೆಟ್ಟಿಲುಗಳಿದ್ದರೂ, ಗಮಕ ಹುಟ್ಟುವುದು ತಂತಿಯನ್ನು ಪಕ್ಕಕ್ಕೆ ಎಳೆಯುವ ಬೆರಳಿನಿಂದ. ಎಷ್ಟು ಎಳೆಯಬೇಕೆಂಬುದನ್ನು ಯಾವ ಪುಸ್ತಕವೂ ಬರೆದಿಡಲಾರದು. ಅದನ್ನು ಮಗು ಗುರುವಿನ ಕೈಯನ್ನು ನೋಡಿ, ನಾದವನ್ನು ಕೇಳಿ, ತಾನೂ ಹಾಗೆಯೇ ಎಳೆದು ಕಲಿಯಬೇಕು. ಗುರುವಿನ ಕೈ ದಿನವೂ ದುಡಿಯುತ್ತಿದ್ದರೆ ಮಾತ್ರ ನೋಡಿ ಕಲಿಯಲು ಏನಾದರೂ ಇರುತ್ತದೆ. ಸಾಧನೆಯನ್ನು ನಿಲ್ಲಿಸಿದ ವಾದಕನ ಬೆರಳ ತುದಿಯ ಗಟ್ಟಿತನ ಮೊದಲು ಹೋಗುತ್ತದೆ, ಆಮೇಲೆ ವೇಗ ಹೋಗುತ್ತದೆ, ಕೊನೆಗೆ ಕಿವಿಯ ಸೂಕ್ಷ್ಮತೆಯೂ ಮಸುಕಾಗುತ್ತದೆ. ಕಛೇರಿಯೆಂಬುದು ಈ ಸಾಧನೆಯನ್ನು ತಪ್ಪದಂತೆ ಕಾಯುವ ಕಟ್ಟಳೆ. ಮುಂದಿನ ವಾರ ಸಭೆಯ ಮುಂದೆ ಕೂರಬೇಕಾದವನು ಇಂದು ಬೆಳಿಗ್ಗೆ ಅಭ್ಯಾಸ ಮಾಡಲೇಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವೆಂದು ನಮಗೆ ತೋರುತ್ತದೆ. ಕರ್ನಾಟಕ ಸಂಗೀತದಲ್ಲಿ ಪಿಟೀಲು ಬಹುಮಟ್ಟಿಗೆ ಪಕ್ಕವಾದ್ಯ. ೧೯ನೆಯ ಶತಮಾನದ ಆರಂಭದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರಂತಹವರು ಐರೋಪ್ಯ ವಾದ್ಯವಾದ ಇದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದಂದಿನಿಂದ ಗಾಯಕನ ನೆರಳಿನಂತೆ ನಡೆದುಬಂದಿದೆ. ಗಾಯಕ ಆಲಾಪನೆ ಮಾಡುವಾಗ ಪಿಟೀಲುವಾದಕನಿಗೆ ಮುಂದಿನ ಸಂಚಾರ ಯಾವುದೆಂದು ಮೊದಲೇ ತಿಳಿದಿರುವುದಿಲ್ಲ. ಕೇಳಬೇಕು, ಕ್ಷಣದೊಳಗೆ ಗ್ರಹಿಸಬೇಕು, ಗಾಯಕನನ್ನು ಮೀರದೆ, ಹಿಂದೆಯೂ ಉಳಿಯದೆ ಅನುಸರಿಸಬೇಕು. ಗಾಯಕ ಎಡವಿದರೆ ಸಭೆಗೆ ತಿಳಿಯದಂತೆ ಆಧಾರ ಕೊಡಬೇಕು.

ಒಳ್ಳೆಯ ಗುರುವಿಗೆ ಬೇಕಾದ ಗುಣವೂ ಇದೇ ಅಲ್ಲವೆ? ಎದುರಿಗೆ ಕುಳಿತ ಮಗು ಎಲ್ಲಿ ತಡವರಿಸುತ್ತಿದೆ, ಬೆರಳು ತಪ್ಪಿದೆಯೊ, ಕಮಾನು ಓರೆಯಾಗಿದೆಯೊ, ತಾಳ ಓಡುತ್ತಿದೆಯೊ ಎಂಬುದನ್ನು ಮಗು ನುಡಿಸುತ್ತಿರುವಾಗಲೇ ಕೇಳಿ ತಿಳಿಯುವುದು. ಮಗುವಿಗಿಂತ ಮುಂದೆ ಓಡದೆ ಜೊತೆಯಲ್ಲಿ ನುಡಿಸುತ್ತಾ ದಾರಿಗೆ ತರುವುದು. ವರ್ಷಾನುಗಟ್ಟಲೆ ವೇದಿಕೆಯ ಮೇಲೆ ಇತರರನ್ನು ಆಲಿಸಿದ ಕಿವಿ ಪಾಠದ ಕೋಣೆಯಲ್ಲಿ ಮಗುವನ್ನು ಆಲಿಸುತ್ತದೆ. ಪಾಠದ ಕೋಣೆಯೂ ಕಛೇರಿಗೆ ಋಣ ತೀರಿಸುತ್ತದೆ. ಮೊದಲ ವರಸೆಗಳನ್ನು ನೂರಾರು ಸಲ ಕೇಳಿ ತಿದ್ದುವ ವಾದಕನು ತನ್ನ ಅಡಿಪಾಯವನ್ನು ತಾನೇ ನೂರಾರು ಸಲ ಪರೀಕ್ಷಿಸಿಕೊಂಡಂತಾಗುತ್ತದೆ.

ಹಿರಿಯರು ನಡೆದ ದಾರಿ

ನಮ್ಮ ನಾಡಿನ ಸಂಗೀತ ಚರಿತ್ರೆಯಲ್ಲಿ ಕಲಿಸುವವನು ಬೇರೆ, ನುಡಿಸುವವನು ಬೇರೆ ಎಂಬ ಭೇದವೇ ಇರಲಿಲ್ಲ. ಮೈಸೂರು ಆಸ್ಥಾನದ ವೀಣೆ ಶೇಷಣ್ಣನವರು (೧೮೫೨–೧೯೨೬) ಶಿಷ್ಯರನ್ನು ಬೆಳೆಸಿದರು. ಅವರಲ್ಲಿ ಕಲಿತ ವೀಣೆ ವೆಂಕಟಗಿರಿಯಪ್ಪನವರು ವಿ. ದೊರೆಸ್ವಾಮಿ ಅಯ್ಯಂಗಾರ್ಯರನ್ನು (೧೯೨೦–೧೯೯೭) ತಯಾರು ಮಾಡಿದರು. ಮೂರು ತಲೆಮಾರಿನ ಈ ಮೂವರೂ ಕಛೇರಿಯ ಕಲಾವಿದರೇ, ಮೂವರೂ ಗುರುಗಳೇ. ಮೈಸೂರಿನ ವೀಣಾ ಸಂಪ್ರದಾಯವೆಂದು ನಾವು ಇಂದು ಕರೆಯುವುದು ಈ ಎರಡು ಕಾಯಕಗಳ ಕೂಡುಫಲ.

ಪಿಟೀಲಿನಲ್ಲಿ ಟಿ. ಚೌಡಯ್ಯನವರ (೧೮೯೫–೧೯೬೭) ಹೆಸರು ಮೊದಲು ಬರುತ್ತದೆ. ತಿರುಮಕೂಡಲಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಕಠಿಣ ಗುರುಕುಲವಾಸ ಮಾಡಿದ ಅವರು, ಧ್ವನಿವರ್ಧಕ ಸಾಮಾನ್ಯವಾಗಿಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು ಏಳು ತಂತಿಗಳ ಪಿಟೀಲನ್ನು ರೂಪಿಸಿದರು. ನಾಡಿನಾದ್ಯಂತ ಕಛೇರಿಗಳ ಒತ್ತಡವಿದ್ದರೂ ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿ ಮಕ್ಕಳಿಗೆ ವಿದ್ಯೆಯ ಬಾಗಿಲು ತೆರೆದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ನಿಂತಿರುವ ಚೌಡಯ್ಯ ಸ್ಮಾರಕ ಭವನವನ್ನು ಅನೇಕ ಓದುಗರು ನೋಡಿರಬಹುದು. ಆ ಕಟ್ಟಡಕ್ಕಿಂತಲೂ ಅವರ ಶಿಷ್ಯರ ಬೆರಳುಗಳಲ್ಲಿ ಉಳಿದ ನಾದವೇ ಅವರ ದೊಡ್ಡ ಸ್ಮಾರಕ.

ಉತ್ತರ ಕರ್ನಾಟಕದ ಕಡೆಗೆ ತಿರುಗಿದರೆ ಸಿತಾರರತ್ನ ರಹಿಮತ್ ಖಾನರು ಕಾಣುತ್ತಾರೆ. ಸಿತಾರಿನ ತಂತಿ ಜೋಡಣೆಯಲ್ಲಿ ಸುಧಾರಣೆ ಮಾಡಿದ ಅವರು ಧಾರವಾಡದಲ್ಲಿ ನೆಲೆಸಿ ಅಲ್ಲಿ ಸಂಗೀತ ವಿದ್ಯಾಲಯವನ್ನು ನಡೆಸಿದರು. ಅವರ ಮೊಮ್ಮಗ ಉಸ್ತಾದ್ ಬಾಲೇ ಖಾನರು (೧೯೪೨–೨೦೦೭) ಧಾರವಾಡ ಆಕಾಶವಾಣಿಯ ಕಲಾವಿದರಾಗಿ, ದೇಶವಿದೇಶಗಳಲ್ಲಿ ಕಛೇರಿ ನೀಡುತ್ತಲೇ ಶಿಷ್ಯರಿಗೆ ಸಿತಾರ್ ಕಲಿಸಿದರು. ಅದೇ ಮನೆತನದ ಉಸ್ತಾದ್ ರಫೀಕ್ ಖಾನರು ಮಂಗಳೂರು ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದುದರಿಂದ ಧಾರವಾಡದ ಸಿತಾರಿನ ನಾದ ಕರಾವಳಿಗೂ ಹರಿದುಬಂತು. ೧೯೭೬ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ನಿಲಯವು ಇಲ್ಲಿನ ವಾದಕರಿಗೆ ಮಾಡಿದ ಉಪಕಾರ ದೊಡ್ಡದು. ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶ್ರೇಣಿ ಪಡೆದವರಿಗೆ ಅದು ಗೌರವಧನವನ್ನೂ ಮನ್ನಣೆಯನ್ನೂ ಒಟ್ಟಿಗೆ ಕೊಟ್ಟಿತು.

ಹೊರಗಿನ ಜಗತ್ತಿನಲ್ಲಿಯೂ ಇದೇ ಕ್ರಮವಿದೆ. ೧೯ನೆಯ ಶತಮಾನದ ಶ್ರೇಷ್ಠ ಪಿಟೀಲುವಾದಕರಲ್ಲಿ ಒಬ್ಬರಾದ ಯೋಸೆಫ್ ಯೋವಾಕಿಮ್ ೧೮೬೯ರಲ್ಲಿ ಬರ್ಲಿನ್ನಿನ ಸಂಗೀತ ವಿದ್ಯಾಲಯದ ಹೊಣೆ ಹೊತ್ತರು. ೧೯೦೭ರಲ್ಲಿ ಕಾಲವಾಗುವವರೆಗೂ ಪಾಠವನ್ನೂ ಬಿಡಲಿಲ್ಲ, ತಮ್ಮ ಹೆಸರಿನ ನಾಲ್ವರ ವಾದ್ಯಗೋಷ್ಠಿಯನ್ನೂ ಬಿಡಲಿಲ್ಲ. ನಮ್ಮ ದೇಶದಲ್ಲಿ ವಿಷ್ಣು ದಿಗಂಬರ ಪಲುಸ್ಕರರು ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದಾಗ ಅರಸರ ಆಶ್ರಯವನ್ನು ನೆಚ್ಚಲಿಲ್ಲ. ಸಾರ್ವಜನಿಕರ ನೆರವು ಮತ್ತು ತಮ್ಮ ಕಛೇರಿಗಳ ಆದಾಯದಿಂದ ಶಾಲೆ ನಡೆಸಿದರು. ಕಛೇರಿ ಶಾಲೆಯನ್ನು ಸಾಕಬಲ್ಲದೆಂಬುದು ಅಂದೇ ಸಿದ್ಧವಾಯಿತು.

ಗದುಗಿನ ಆಶ್ರಮದ ಪಾಠ

ಈ ಸತ್ಯವನ್ನು ನಮ್ಮ ಸಮಾಜಕ್ಕೆ ಅತಿ ಸಮೀಪದಿಂದ ತೋರಿಸಿಕೊಟ್ಟವರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಗುರುದ್ವಯರು. ೧೮೯೨ರಲ್ಲಿ ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಅಂಧ ಬಾಲಕನಲ್ಲಿ ಸಂಗೀತದ ಬೆಳಕನ್ನು ಕಂಡವರು ಹಾನಗಲ್ಲ ಕುಮಾರ ಮಹಾಸ್ವಾಮಿಗಳು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ಅರಗಿಸಿಕೊಂಡು, ಕಾಣದ ಕಣ್ಣಿನ ಹಾಗೂ ಬಡತನದ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸುವ ಸಂಗೀತ ಪಾಠಶಾಲೆಯನ್ನು ನಡೆಸಿದರು. ಹೋದ ಊರಿನಲ್ಲಿ ಗುರುಗಳ ಸಂಗೀತ ಸೇವೆ, ಆ ಊರ ಭಕ್ತರಿಂದ ಮಕ್ಕಳಿಗೆ ಪ್ರಸಾದ, ಅಲ್ಲಿಯೇ ಪಾಠ. ೧೯೪೪ರಲ್ಲಿ ಅವರು ಲಿಂಗೈಕ್ಯರಾದರು.

ಅವರ ಉತ್ತರಾಧಿಕಾರಿಗಳಾದ ಪಂಡಿತ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಹಾನಗಲ್ ತಾಲೂಕಿನ ದೇವಗಿರಿಯವರು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಅವರು ಗಾಯನದ ಜೊತೆಗೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು, ವೀಣೆ ಮೊದಲಾದ ಹಲವು ವಾದ್ಯಗಳನ್ನು ಕರಗತ ಮಾಡಿಕೊಂಡರು. ಆಶ್ರಮದ ನೂರಾರು ಮಕ್ಕಳ ಅನ್ನ, ವಸತಿ, ವಿದ್ಯೆಯ ಭಾರ ಅವರ ಮೇಲಿತ್ತು. ಅದನ್ನು ಹೊರಲು ಅವರು ಕಛೇರಿ ನೀಡಿದರು, ಪುರಾಣ ಪ್ರವಚನ ಮಾಡಿದರು, ನಾಟಕ ಬರೆದು ಆಶ್ರಮದ ನಾಟಕ ಕಂಪನಿಯನ್ನು ನಡೆಸಿದರು. ಭಕ್ತರು ನೆರವೇರಿಸಿದ ತುಲಾಭಾರಗಳ ಹಣವೂ ಆಶ್ರಮಕ್ಕೇ ಸಂದಿತು. ೨೦೧೦ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ನೀಡಿ ಅವರನ್ನು ಗೌರವಿಸಿತು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಗವಾಯಿಗಳು ಊರೂರಿಗೆ ಹೋದಾಗ ಆಶ್ರಮದ ಪಾಠ ನಿಲ್ಲುತ್ತಿರಲಿಲ್ಲ. ಹಿರಿಯ ಶಿಷ್ಯರು ಕಿರಿಯರಿಗೆ ಕಲಿಸುತ್ತಿದ್ದರು. ಜೊತೆಗೆ ಹೋದ ಶಿಷ್ಯರು ವೇದಿಕೆಯ ಹಿಂದೆ ಕುಳಿತು ಶ್ರುತಿ ಹಿಡಿಯುವುದನ್ನೂ ಸಾಥ್ ಕೊಡುವುದನ್ನೂ ಕಲಿಯುತ್ತಿದ್ದರು. ಗುರುವಿನ ಪ್ರಯಾಣವೇ ಶಿಷ್ಯನಿಗೆ ಪಾಠವಾಗುವ ವ್ಯವಸ್ಥೆ ಅದು. ನಾಡಿನ ಹಳ್ಳಿಹಳ್ಳಿಗಳ ಮಠಗಳಲ್ಲಿ, ಶಾಲೆಗಳಲ್ಲಿ ಇಂದು ಸಂಗೀತ ಕಲಿಸುತ್ತಿರುವ ಅನೇಕ ಅಂಧ ಕಲಾವಿದರು ಈ ಆಶ್ರಮದ ಕೂಸುಗಳು. ಅವರೂ ಕಲಿಸುತ್ತಾರೆ, ಅವರೂ ಹಾಡಿ ನುಡಿಸುತ್ತಾರೆ. ಕಿನ್ನರಿ ಬ್ರಹ್ಮಯ್ಯನವರ ಕಾಯಕ ದಾಸೋಹಗಳು ಎಂಟು ಶತಮಾನಗಳ ತರುವಾಯವೂ ಗದುಗಿನಲ್ಲಿ ಜೀವಂತವಾಗಿವೆ.

ಕರಾವಳಿಯಲ್ಲಿ ಇಂದು

ಕರಾವಳಿಯಲ್ಲಿ ಇದೇ ಮಾದರಿ ಬೇರೊಂದು ರೂಪದಲ್ಲಿ ಕಾಣುತ್ತದೆ. ಪಿಟೀಲು ವಿದ್ವಾಂಸರಾದ ವಿಠಲ ರಾಮಮೂರ್ತಿಯವರು ಲಾಲ್ಗುಡಿ ಜಯರಾಮನ್ (೧೯೩೦–೨೦೧೩) ಅವರ ಶಿಷ್ಯರು. ಚೆನ್ನೈಯಲ್ಲಿ ನೆಲೆಸಿ ಪಕ್ಕವಾದ್ಯ ಕಲಾವಿದರಾಗಿ ಹೆಸರಾದವರು. ಧರ್ಮಸ್ಥಳದ ಸಮೀಪದ ನಿಡ್ಲೆಯಲ್ಲಿರುವ ತಮ್ಮ ಕರುಂಬಿತ್ತಿಲ್ ಮನೆಯಲ್ಲಿ ಅವರು ಬೇಸಿಗೆಯ ಸಂಗೀತ ಶಿಬಿರವನ್ನು ನಡೆಸಿಕೊಂಡು ಬಂದಿದ್ದಾರೆ. ಮಹಾನಗರದ ವೇದಿಕೆಗಳಲ್ಲಿ ಮಾತ್ರ ಕಾಣಸಿಗುವ ಹಿರಿಯ ಕಲಾವಿದರು ಆ ಹಳ್ಳಿಮನೆಗೆ ಬಂದು ಮಕ್ಕಳ ಜೊತೆ ಚಾಪೆಯ ಮೇಲೆ ಕುಳಿತು ಪಾಠ ಹೇಳುತ್ತಾರೆ. ಇದು ಸಾಧ್ಯವಾದುದು ಹೇಗೆ? ಆತಿಥೇಯರು ವೇದಿಕೆಯ ಮೇಲೆ ಅವರ ಪಕ್ಕದಲ್ಲಿ ಕುಳಿತು ನುಡಿಸಿದವರಾದುದರಿಂದ. ಕಛೇರಿಯ ಸ್ನೇಹ ಹಳ್ಳಿಯ ಮಕ್ಕಳ ವಿದ್ಯೆಯಾಗಿ ಪರಿಣಮಿಸಿದೆ.

ಉಡುಪಿಯಲ್ಲಿ 'ರಾಗಧನ'ದಂತಹ ಸಂಸ್ಥೆಗಳು ಪುರಂದರದಾಸರ ಹಾಗೂ ಸಂಗೀತ ತ್ರಿಮೂರ್ತಿಗಳ ಹೆಸರಿನಲ್ಲಿ ಉತ್ಸವಗಳನ್ನು ನಡೆಸುತ್ತ ಬಂದಿವೆ. ಮಣಿಪಾಲದ ನೆರೆಯ ಪರ್ಕಳದಲ್ಲಿ ಸರಿಗಮ ಭಾರತಿ ಸಂಗೀತ ಶಾಲೆಯಿದೆ. ಕೃಷ್ಣಮಠದ ರಾಜಾಂಗಣದಲ್ಲಿ ಸಂಗೀತ ಸೇವೆ ನಡೆಯುತ್ತದೆ. ಕಲಿಯುವ ಮಗುವಿಗೆ ತನ್ನ ಗುರುಗಳನ್ನು ವೇದಿಕೆಯ ಮೇಲೆ ನೋಡುವ ಅವಕಾಶ ಮನೆಯಿಂದ ಕೆಲವೇ ಮೈಲಿಗಳೊಳಗೆ ದೊರೆಯುವುದು ಈ ಊರುಗಳ ಭಾಗ್ಯ. ಪ್ರವೇಶ ಶುಲ್ಕವಿಲ್ಲದ ಸಭೆಗಳೂ ಅನೇಕ. ಹೀಗಿದ್ದೂ ಕಲಿಯುವ ಮಕ್ಕಳೇ ಕಛೇರಿಗೆ ಬಾರದಿದ್ದರೆ ನಷ್ಟ ಯಾರದು?

ಹೊರೆಯ ಲೆಕ್ಕ

ಗುರುಗಳ ಕಷ್ಟವನ್ನೂ ಕುಟುಂಬಗಳು ಅರಿಯಬೇಕು. ಒಂದು ಕಛೇರಿಯ ಸಂಭಾವನೆ ನೋಡುವವರಿಗೆ ದೊಡ್ಡದಾಗಿ ಕಾಣಬಹುದು. ಅದರ ಹಿಂದೆ ವಾರದ ಅಭ್ಯಾಸ, ಪ್ರಯಾಣ, ತಂತಿ ಕಮಾನುಗಳ ಖರ್ಚು, ತಪ್ಪಿದ ಪಾಠಗಳ ನಷ್ಟ ಇರುತ್ತವೆ. ಕಛೇರಿ ಇಂತಿಷ್ಟೇ ಬರುತ್ತದೆಂಬ ಭರವಸೆಯಿಲ್ಲ. ತಿಂಗಳು ತಿಂಗಳೂ ಮನೆಯ ಅಕ್ಕಿಬೇಳೆಗೆ ಆಗುವುದು ಪಾಠದ ಶುಲ್ಕವೇ. ೨೦೨೦ರಲ್ಲಿ ಕೊರೋನಾ ಪಿಡುಗಿನಿಂದ ದೇವಾಲಯಗಳೂ ಸಭಾಭವನಗಳೂ ಮುಚ್ಚಿದಾಗ ಇದು ಎಲ್ಲರಿಗೂ ಮನದಟ್ಟಾಯಿತು. ವೇದಿಕೆ ಇಲ್ಲವಾಯಿತು, ಮೊಬೈಲಿನ ಪರದೆಯ ಮೇಲೆ ಮಕ್ಕಳಿಗೆ ಹೇಳಿದ ಪಾಠವೇ ಅನೇಕ ಕಲಾವಿದರ ಮನೆಗಳನ್ನು ಕಾಯ್ದಿತು. ಬರಿಯ ಕಛೇರಿಯನ್ನು ನೆಚ್ಚಿದವರ ಪಾಡು ಕಠಿಣವಾಯಿತು.

ಮನಸ್ಸಿನ ಹೊರೆ ಬೇರೆ. ಸರೋದ್ ವಾದಕರಾದ ಪಂಡಿತ ರಾಜೀವ ತಾರಾನಾಥರು (೧೯೩೨–೨೦೨೪) ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದವರು. ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯತ್ವ ವಹಿಸಿದ ಅವರು ಕೊನೆಗೆ ಪ್ರಾಧ್ಯಾಪಕ ವೃತ್ತಿಯನ್ನು ಬಿಟ್ಟು ಸರೋದಿಗೇ ತಮ್ಮನ್ನು ಅರ್ಪಿಸಿಕೊಂಡರು. ಆದರೆ ಕಲಿಸುವುದನ್ನು ಬಿಡಲಿಲ್ಲ. ೧೯೯೫ರಿಂದ ೨೦೦೫ರವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾದ ಕಲಾ ವಿದ್ಯಾಸಂಸ್ಥೆಯೊಂದರಲ್ಲಿ ಭಾರತೀಯ ಸಂಗೀತ ವಿಭಾಗವನ್ನು ಮುನ್ನಡೆಸಿದರು. ಆಮೇಲೆ ಮೈಸೂರಿನಲ್ಲಿ ಶಿಷ್ಯರನ್ನು ತಿದ್ದಿದರು. ಎರಡು ಕೆಲಸಗಳಿಗೆ ಕಾಲ ಸಾಲದಾದಾಗ ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಎಷ್ಟು ಕಠಿಣವೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಕುಟುಂಬಗಳು ಕಛೇರಿ ನೀಡುವ ಗುರುವನ್ನು ದಂಡಿಸತೊಡಗಿದರೆ ಆಗುವುದೇನು? ಒಂದೋ ಅವರು ವೇದಿಕೆಯನ್ನು ಬಿಟ್ಟು ಪಾಠಕ್ಕೇ ಸೀಮಿತರಾಗುತ್ತಾರೆ. ಕೆಲವೇ ವರ್ಷಗಳಲ್ಲಿ ಕೈ ಜಡವಾಗುತ್ತದೆ. ಇಲ್ಲವೇ ಸಣ್ಣ ಊರನ್ನು ಬಿಟ್ಟು ಬೆಂಗಳೂರು, ಚೆನ್ನೈಗಳ ದಾರಿ ಹಿಡಿಯುತ್ತಾರೆ. ಎರಡರಲ್ಲಿಯೂ ಸೋಲುವುದು ಕಾಪುವಿನ, ಕಾರ್ಕಳದ ಮಗುವೇ.

ಮನೆಯವರು ಮಾಡಬಹುದಾದುದು

ಹಾಗೆಂದು ವೇದಿಕೆಯೇರಿದವರೆಲ್ಲ ಒಳ್ಳೆಯ ಗುರುಗಳೆಂದು ನಾವು ಹೇಳಲಾರೆವು. ತಾಯಿತಂದೆಯರು ಕೆಲವನ್ನು ಪರಿಶೀಲಿಸಬೇಕು. ಪಾಠದ ವೇಳೆ ಗುರುಗಳು ವಾದ್ಯ ಹಿಡಿದು ಜೊತೆಯಲ್ಲಿ ನುಡಿಸುತ್ತಾರೆಯೆ? ಮಗುವಿನ ವಾದ್ಯದ ಶ್ರುತಿಯನ್ನು ಪ್ರತಿಸಲವೂ ನೋಡುತ್ತಾರೆಯೆ? ಕಮಾನು ಹಿಡಿಯುವ ರೀತಿ, ಕೂರುವ ಭಂಗಿ ಇವುಗಳನ್ನು ಆರಂಭದಲ್ಲಿಯೇ ತಿದ್ದುತ್ತಾರೆಯೆ? ಕಛೇರಿಗೆ ಹೋಗುವ ದಿನಗಳನ್ನು ಮುಂಚಿತವಾಗಿ ತಿಳಿಸುತ್ತಾರೆಯೆ? ಇವಕ್ಕೆಲ್ಲ ಹೌದೆಂಬ ಉತ್ತರ ಬಂದರೆ ತಿಂಗಳಿಗೆ ಒಂದೆರಡು ಪಾಠ ಮುಂದೆ ಹೋದರೂ ಚಿಂತೆಯಿಲ್ಲ. ತಿಂಗಳಾನುಗಟ್ಟಲೆ ಸೂಚನೆಯಿಲ್ಲದೆ ಪಾಠ ತಪ್ಪಿಸಿ ಶುಲ್ಕ ಮಾತ್ರ ಕೇಳುವವರಾದರೆ, ವಿನಯದಿಂದ ಮಾತನಾಡಿ ಬೇರೆ ಗುರುವನ್ನು ಹುಡುಕುವ ಹಕ್ಕು ಮನೆಯವರಿಗಿದೆ.

ಕರಾವಳಿಯ ಋತುಮಾನವೂ ಈ ತೊಡಕಿಗೆ ಒಂದು ಪರಿಹಾರವನ್ನು ಕೊಟ್ಟಿದೆ. ಇಲ್ಲಿ ಜಾತ್ರೆ, ನೇಮ, ಯಕ್ಷಗಾನ, ಉತ್ಸವಗಳ ಭರಾಟೆ ಹೆಚ್ಚಾಗಿ ದೀಪಾವಳಿಯ ಬಳಿಕ ಆರಂಭವಾಗಿ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ಇರುತ್ತದೆ. ಜೂನಿನಿಂದ ಮಳೆಗಾಲ, ಹೊರಗಿನ ಕಾರ್ಯಕ್ರಮಗಳು ಕಡಿಮೆ. ಶುಲ್ಕವನ್ನು ತಿಂಗಳ ಪಾಠದ ಎಣಿಕೆಗೆ ಕಟ್ಟದೆ ವರ್ಷಕ್ಕೆಂದು ಗೊತ್ತುಮಾಡಿಕೊಂಡು, ಬೇಸಿಗೆಯಲ್ಲಿ ತಪ್ಪಿದ ಪಾಠಗಳನ್ನು ಮಳೆಗಾಲದಲ್ಲಿ ತುಂಬಿಸಿಕೊಳ್ಳುವ ಒಡಂಬಡಿಕೆ ಎರಡೂ ಕಡೆಯವರಿಗೆ ಹಿತ. ಗುರುಗಳಿಲ್ಲದ ವಾರ ಹಿರಿಯ ವಿದ್ಯಾರ್ಥಿಯೊಬ್ಬರು ಕಿರಿಯರನ್ನು ಕೂರಿಸಿಕೊಂಡು ವರಸೆ ನುಡಿಸಬಹುದು. ಗದುಗಿನ ಆಶ್ರಮ ತೋರಿದ ದಾರಿಯೇ ಇದು.

ಮಳೆಗಾಲದಲ್ಲಿ ವಾದ್ಯಗಳ ಆರೈಕೆಯೂ ಮುಖ್ಯ. ಕಡಲ ಗಾಳಿಯ ತೇವದಿಂದ ಉಕ್ಕಿನ ತಂತಿಗಳು ಬೇಗ ತುಕ್ಕು ಹಿಡಿಯುತ್ತವೆ, ಮರ ಉಬ್ಬಿ ಬಿರಡೆಗಳು ಬಿಗಿಯುತ್ತವೆ, ಅಂಟು ಬಿಡುವುದೂ ಉಂಟು. ನುಡಿಸಿದ ಮೇಲೆ ತಂತಿಗಳನ್ನು ಒಣ ಬಟ್ಟೆಯಿಂದ ಒರೆಸಿಡುವುದು, ವಾದ್ಯವನ್ನು ಹೊರಗೋಡೆಗೆ ಒರಗಿಸದಿರುವುದು, ಪಿಟೀಲಿನ ಕಮಾನನ್ನು ಸಡಿಲಿಸಿಡುವುದು ಇವು ಮಕ್ಕಳು ತಾವೇ ಮಾಡಬೇಕಾದ ಕೆಲಸಗಳು. ವಾದ್ಯವನ್ನು ಇಷ್ಟು ಜತನದಿಂದ ನೋಡಿಕೊಳ್ಳುವ ಮಗುವಿಗೆ ಗುರುಗಳ ಶ್ರಮವೂ ತಾನಾಗಿ ಅರ್ಥವಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ಗುರುಗಳು ನುಡಿಸುವ ಕಛೇರಿಗೆ ಮಕ್ಕಳನ್ನು ಕರೆದೊಯ್ಯಿರಿ. ಪಾಠ ತಪ್ಪಿದ ಸಂಜೆ ಮನೆಯಲ್ಲಿ ಕೂರುವ ಬದಲು ಅದೇ ಸಂಜೆ ಆ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಲಿ. ತಾನು ತಿಂಗಳಿನಿಂದ ತಿಣುಕುತ್ತಿರುವ ವರ್ಣವೊಂದು ಗುರುಗಳ ಕೈಯಲ್ಲಿ ಮೂರು ನಿಮಿಷಗಳಲ್ಲಿ ಅರಳುವುದನ್ನು ಕೇಳಿದ ಮಗುವಿಗೆ ಮತ್ತೆ ಅಭ್ಯಾಸ ಮಾಡೆಂದು ಹೇಳಬೇಕಾಗುವುದಿಲ್ಲ. ಹಿರಿಯ ವಿದ್ಯಾರ್ಥಿಗಳು ತಂಬೂರಿ ಹಿಡಿದು ವೇದಿಕೆಯ ಹಿಂದೆ ಕೂರಲು ಅನುಮತಿ ಕೇಳಲಿ.

ನಮ್ಮ ಸಮಾಜದ ಸಂಘಸಂಸ್ಥೆಗಳೂ ಮಠಗಳೂ ಇಲ್ಲಿ ಒಂದು ಹೆಜ್ಜೆ ಮುಂದಿಡಬಹುದು. ಬಸವ ಜಯಂತಿ, ಶಿವರಾತ್ರಿ, ಶ್ರಾವಣ ಮಾಸದ ಪ್ರವಚನಗಳ ಸಂದರ್ಭದಲ್ಲಿ ವಚನ ಗಾಯನಕ್ಕೆ ಧ್ವನಿಮುದ್ರಿಕೆಯನ್ನು ಹಾಕಿ ಸುಮ್ಮನಾಗುವ ಬದಲು, ಊರಿನಲ್ಲಿಯೇ ಕಲಿಸುತ್ತಿರುವ ಪಿಟೀಲು, ವೀಣೆ, ಸಿತಾರ್ ಗುರುಗಳನ್ನು ಕರೆದು, ಅವರ ಶಿಷ್ಯರೊಡನೆ ನುಡಿಸುವಂತೆ ಕೇಳಿಕೊಳ್ಳಲಿ. ಶಾಲು ಹಾರಗಳ ಖರ್ಚಿನಲ್ಲಿ ಒಂದು ಪಾಲನ್ನು ತಗ್ಗಿಸಿ ಸಂಭಾವನೆಯನ್ನು ಲಕೋಟೆಯಲ್ಲಿ ಹಿಂಜರಿಕೆಯಿಲ್ಲದೆ ಕೊಡಲಿ. "ಸೇವೆಯೆಂದು ನುಡಿಸಿ" ಎಂದು ಕಲಾವಿದರನ್ನು ಕೇಳುವವರು, ಕಾಯಕಕ್ಕೆ ಪ್ರತಿಫಲ ಸಲ್ಲಬೇಕೆಂಬ ಶರಣರ ನಿಲುವನ್ನು ಒಮ್ಮೆ ನೆನೆಯಲಿ. ಸತ್ಯಶುದ್ಧ ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವ ಹಕ್ಕು ಕಾಯಕ ಮಾಡಿದವನದು. ಅದನ್ನು ಮೊದಲೇ ಅವನ ಕೈಯಿಂದ ಕಿತ್ತುಕೊಳ್ಳುವುದು ದಾಸೋಹವೆನಿಸದು.

ಈ ಬಾರಿ ಮಳೆ ಹಿಡಿದು ಶಾಲೆಗಳು ತೆರೆಯುವ ವೇಳೆಗೆ, ಮಕ್ಕಳನ್ನು ತಂತಿವಾದ್ಯಕ್ಕೆ ಸೇರಿಸಬೇಕೆಂದಿರುವ ಮನೆಗಳು ಗುರುಗಳ ಬಳಿ ಹೋಗಿ ಎರಡು ಪ್ರಶ್ನೆಗಳನ್ನು ಕೇಳಲಿ: ಪಾಠ ಯಾವ ದಿನ? ನಿಮ್ಮ ಮುಂದಿನ ಕಛೇರಿ ಎಲ್ಲಿ? ಎರಡಕ್ಕೂ ಮಗುವನ್ನು ಕರೆದುಕೊಂಡು ಹೋಗುವ ಮನೆಯಲ್ಲಿ ವಿದ್ಯೆ ನಿಲ್ಲುತ್ತದೆಂಬುದು ನಮ್ಮ ನಂಬಿಕೆ.